ಪ್ಲೇಟು ಸಾಚಾ, ಕಿನ್ನರಿ ಕಾಗದ: ಕಾಟಿಂಗ್ಲಿಯ ಚಿತ್ರವನ್ನು ಮತ್ತೆ ತೆಗೆದು ನೋಡಿದ ಬಗೆ

ಹೆರಾಲ್ಡ್ ಸ್ನೆಲ್ಲಿಂಗ್ ಎಂಬ ಫೋಟೊ ಪರಿಣತ, ಕಾಟಿಂಗ್ಲಿಯಲ್ಲಿ ಇಬ್ಬರು ಹುಡುಗಿಯರು ತೆಗೆದ ಕಿನ್ನರಿಯರ ಚಿತ್ರಗಳ ಎರಡು ಗಾಜಿನ ನೆಗೆಟಿವ್‌ಗಳನ್ನು ನೋಡಿ ಕೊಟ್ಟ ತೀರ್ಪಿನ ಮುಖ್ಯ ಭಾಗ ಸುಳ್ಳಲ್ಲ. ಒಂದೇ ಎಕ್ಸ್‌ಪೋಶರ್, ಚಿತ್ರದ ಮೇಲೆ ಚಿತ್ರ ಕೂಡಿಸಿಲ್ಲ, ಸ್ಟುಡಿಯೊ ಕೈಚಳಕ ಇಲ್ಲ ಎಂದರು. ಅಷ್ಟೂ ಸರಿ. ಮೋಸ ಪ್ಲೇಟಿನಲ್ಲಿ, ಅಂದರೆ ಆ ಗಾಜಿನ ನೆಗೆಟಿವಿನಲ್ಲಿ, ಇರಲೇ ಇಲ್ಲ. ಅದು ಲೆನ್ಸಿನಿಂದ ನಾಲ್ಕು ಅಡಿ ಆಚೆ, ಗಿಡಗಂಟಿಯ ನಡುವೆ, ಟೋಪಿಗೆ ಚುಚ್ಚುವ ಪಿನ್ನಿನ ಮೇಲೆ ನಿಂತಿತ್ತು.

ಕಥೆ ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತ್ಯದಲ್ಲಿ ಬ್ರಾಡ್‌ಫರ್ಡ್ ಹತ್ತಿರದ ಊರು ಕಾಟಿಂಗ್ಲಿ. 1917ರ ಜುಲೈಯಲ್ಲಿ 16ರ ಎಲ್ಸಿ ರೈಟ್, ಅಪ್ಪನ ಕ್ಯಾಮೆರಾ ತೆಗೆದುಕೊಂಡು ಮನೆ ಹಿಂದಿನ ಹಳ್ಳದ ಬಳಿ 9ರ ಫ್ರಾನ್ಸಿಸ್ ಗ್ರಿಫಿತ್ಸ್‌ಳ ಚಿತ್ರ ತೆಗೆದಳು. ಫ್ರಾನ್ಸಿಸ್ ಎಲ್ಸಿಯ ತಾಯಿಯ ಸೋದರಿಯ ಮಗಳು. ಫ್ರಾನ್ಸಿಸ್ ಅಪ್ಪ ಮೊದಲ ಮಹಾಯುದ್ಧದಲ್ಲಿದ್ದರು. ಚಿತ್ರದಲ್ಲಿ ಫ್ರಾನ್ಸಿಸ್ ಮುಂದೆ ನಾಲ್ಕು ಕಿನ್ನರಿಯರು ಕುಣಿಯುತ್ತಿದ್ದಾರೆ. ಸೆಪ್ಟೆಂಬರಿನಲ್ಲಿ ಎಲ್ಸಿಯ ಜೊತೆ ರೆಕ್ಕೆಯ ಕುಳ್ಳನೊಬ್ಬ ಇರುವ ಎರಡನೆಯ ಚಿತ್ರ ಬಂತು. 1920ರ ಆಗಸ್ಟಿನಲ್ಲಿ ಇನ್ನೂ ಮೂರು. ಅದೇ ಡಿಸೆಂಬರಿನ 'ಸ್ಟ್ರ್ಯಾಂಡ್' ಪತ್ರಿಕೆಯಲ್ಲಿ ಷರ್ಲಾಕ್ ಹೋಮ್ಸ್ ಕಥೆಗಳ ಲೇಖಕ ಆರ್ಥರ್ ಕಾನನ್ ಡಾಯ್ಲ್ ಇವನ್ನು ಲೋಕಕ್ಕೆ ತೋರಿಸಿದರು. ಅವರ ಮಗ ಕಿಂಗ್ಸ್‌ಲಿ ಸೋಮ್ ಕದನದಲ್ಲಿ ಗಾಯಗೊಂಡು, 1918ರ ಅಕ್ಟೋಬರಿನಲ್ಲಿ ಜ್ವರ ಬಂದು ತೀರಿಹೋಗಿದ್ದ. ನಾಲ್ಕು ತಿಂಗಳಿಗೆ ಡಾಯ್ಲ್ ಅವರ ತಮ್ಮ ಇನ್ನೆಸ್ ಕೂಡ ಹೋದರು. ಆ ಮನೆಯಲ್ಲಿ ಕಾಣದ ಲೋಕದ ಪುರಾವೆ ಎಂದರೆ ಬರೀ ಕುತೂಹಲದ ಸಂಗತಿ ಆಗಿರಲಿಲ್ಲ.

ಎಲ್ಸಿ ಮತ್ತು ಫ್ರಾನ್ಸಿಸ್ 1983ರಲ್ಲಿ ಒಪ್ಪಿಕೊಂಡರು: ಕಿನ್ನರಿಯರು ದಪ್ಪ ಕಾಗದದಲ್ಲಿ ಕತ್ತರಿಸಿದ ಗೊಂಬೆಗಳು, 1914ರ 'ಪ್ರಿನ್ಸೆಸ್ ಮೇರೀಸ್ ಗಿಫ್ಟ್ ಬುಕ್'ನ ಒಂದು ಚಿತ್ರ ನೋಡಿ ಎಲ್ಸಿ ಬರೆದದ್ದು. ಹಾಗಾದರೆ ಕಾಗದವೆಂದು ಯಾಕೆ ಗೊತ್ತಾಗಲಿಲ್ಲ? ಇದಕ್ಕೆ ಓದಿ ಉತ್ತರ ಸಿಗುವುದಿಲ್ಲ, ತೆಗೆದು ನೋಡಬೇಕು. ನಮ್ಮ ಕಡೆಯ ಒಂದು ಹಳ್ಳದ ಪಕ್ಕ ಅದೇ ಅಳತೆಯಲ್ಲಿ ಮಾಡಿದ ಕೆಲಸದ ವಿವರ ಇದು.

ಮೂಲ ಕ್ಯಾಮೆರಾ ಮಿಜ್ ಎಂಬ ಪೆಟ್ಟಿಗೆ ಕ್ಯಾಮೆರಾ, ಪ್ಲೇಟು ಕ್ವಾರ್ಟರ್ ಅಳತೆಯದು, ಅಂದರೆ 83×108 ಮಿ.ಮೀ. ನಾನು ಬಳಸಿದ್ದು 4×5 ಇಂಚಿನ ಫೀಲ್ಡ್ ಕ್ಯಾಮೆರಾ, 135 ಮಿ.ಮೀ. ಲೆನ್ಸ್. ಕ್ಯಾಮೆರಾದ ಹಿಂಬದಿಯಲ್ಲಿ ಬಿಂಬ ಮೂಡುವ ಮಸುಕು ಗಾಜಿನ (ಗ್ರೌಂಡ್ ಗ್ಲಾಸ್) ಮೇಲೆ ಪೆನ್ಸಿಲಿನಲ್ಲಿ 83×108ರ ಚೌಕ ಎಳೆದುಕೊಂಡೆ. ನಾಲ್ಕು ಅಡಿಯಲ್ಲಿ, ಅಂದರೆ 122 ಸೆಂ.ಮೀ.ಗೆ, ಈ ಚೌಕದೊಳಗೆ ಸುಮಾರು 87 ಸೆಂ.ಮೀ. ಅಗಲ, 67 ಸೆಂ.ಮೀ. ಎತ್ತರದ ಜಾಗ ಹಿಡಿಯುತ್ತದೆ. 15 ಸೆಂ.ಮೀ. ಎತ್ತರದ ಗೊಂಬೆ ಪ್ಲೇಟಿನ ಮೇಲೆ 18–19 ಮಿ.ಮೀ. ಬರುತ್ತದೆ, ಹೆಬ್ಬೆರಳ ಉಗುರಿಗಿಂತ ಒಂಚೂರು ಉದ್ದ. ಕತ್ತರಿಯ ತಪ್ಪುಗಳೆಲ್ಲ ಅಷ್ಟರಲ್ಲಿ ಮುಚ್ಚಿಹೋಗುತ್ತವೆ.

ಫಿಲ್ಮಿನ ಆಯ್ಕೆಯಲ್ಲಿ ರಾಜಿ ಬೇಡ. ಆಗಿನ ಸಾಮಾನ್ಯ ಪ್ಲೇಟುಗಳಿಗೆ ಕೆಂಪು ಕಾಣುತ್ತಿರಲಿಲ್ಲ. ನೀಲಿಯೇ ಪ್ರಧಾನ, ಕೆಲವಕ್ಕೆ ಹಸಿರೂ ಕಾಣುತ್ತಿತ್ತು. ಇಂದಿನ, ಎಲ್ಲ ಬಣ್ಣವೂ ಕಾಣುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ತೆಗೆದರೆ ಎಲೆಗಳೆಲ್ಲ ಬೂದು ಬಣ್ಣಕ್ಕೆ ಬಂದು ಗೊಂಬೆ ಅವುಗಳ ನಡುವೆ ಕಳೆದುಹೋಗುತ್ತದೆ. ಕೆಂಪು ಕಾಣದ ಫಿಲ್ಮಿನಲ್ಲಿ ಸೊಪ್ಪು ಕಪ್ಪಾಗಿ, ಕಾಗದ ತಾನೇ ಬೆಳಗುತ್ತಿರುವಂತೆ ಎದ್ದು ಬರುತ್ತದೆ. ಕಿನ್ನರಿಯರ ಮೈಯಿಂದ ಬೆಳಕು ಸೂಸುತ್ತದೆ ಎಂಬ ಮಾತಿಗೆ ಇದರಲ್ಲೇ ಅರ್ಧ ಉತ್ತರವಿದೆ. ಇಲ್‌ಫರ್ಡ್ ಆರ್ಥೊ ಪ್ಲಸ್ ಶೀಟು ಸಿಕ್ಕರೆ ಚೆನ್ನ, ಆದರೆ ದುಬಾರಿ. ಅಗ್ಗದ ದಾರಿ ಎಂದರೆ ಆಸ್ಪತ್ರೆಗಳಿಗೆ ಮಾರುವ ಹಸಿರು-ಸಂವೇದಿ ಎಕ್ಸ್‌ರೇ ಫಿಲ್ಮ್. 8×10 ಇಂಚಿನ ಒಂದು ಹಾಳೆಯನ್ನು ಕಡುಗೆಂಪು ದೀಪದಡಿ ನಾಲ್ಕು ಮಾಡಬಹುದು. ಸರಿಯಾಗಿ ಅರ್ಧಕ್ಕೆ ಕತ್ತರಿಸಿದರೆ ಫಿಲ್ಮ್ ಕೂರಿಸುವ ಹೋಲ್ಡರಿನಲ್ಲಿ ಕೂರುವುದಿಲ್ಲ, ಪ್ರತಿ ಬದಿಗೆ ಒಂದೂವರೆ ಮಿ.ಮೀ. ಕಡಿಮೆ ಇರಲಿ. ದೀಪ ನಂಬಿಕಸ್ತವೋ ಅಲ್ಲವೋ ನೋಡಲು ಫಿಲ್ಮಿನ ಚೂರಿನ ಮೇಲೆ ನಾಣ್ಯ ಇಟ್ಟು ಐದು ನಿಮಿಷ ಬಿಟ್ಟು ತೊಳೆಯಿರಿ. ನಾಣ್ಯದ ಗುರುತು ಬಂದರೆ ದೀಪ ಬದಲಿಸಿ.

ಎಕ್ಸ್‌ರೇ ಫಿಲ್ಮಿನ ತೊಂದರೆ ಎಂದರೆ ಎರಡೂ ಬದಿಗೆ ಎಮಲ್ಷನ್, ಅಂದರೆ ಬೆಳಕನ್ನು ಹಿಡಿಯುವ ಲೇಪ, ಇರುತ್ತದೆ. ಟ್ರೇ ತಳಕ್ಕೆ ತಾಗಿದರೆ ಸಾಕು, ಗೀರು. ಟ್ರೇ ತಳಕ್ಕೆ ಗಾಜಿನ ಹಾಳೆ ಹಾಸಿ, ಒಂದು ಸಲಕ್ಕೆ ಒಂದೇ ಫಿಲ್ಮ್ ಬಿಡುವುದು. ಚಿತ್ರ ಮೂಡಿಸುವ ದ್ರಾವಣ (ಡೆವಲಪರ್) ರೋಡಿನಾಲ್ 1:100, 22 ಡಿಗ್ರಿಯಲ್ಲಿ ಆರು ನಿಮಿಷ. ಬೇಸಿಗೆಯಲ್ಲಿ ನಲ್ಲಿ ನೀರು 27–28ಕ್ಕೆ ಏರಿದಾಗ ನಾಲ್ಕು ನಿಮಿಷಕ್ಕೇ ಕಪ್ಪಾಗಿಬಿಡುತ್ತದೆ, ಜೊತೆಗೆ ಎಮಲ್ಷನ್ ಮೆತ್ತಗಾಗುತ್ತದೆ. ಟ್ರೇಯನ್ನು ಐಸ್ ಹಾಕಿದ ದೊಡ್ಡ ತಟ್ಟೆಯೊಳಗೆ ಇಡುವುದೇ ಮೇಲು. ಮೂಡಿದ ಚಿತ್ರವನ್ನು ಉಳಿಸುವ ಹೈಪೋ ದ್ರಾವಣದಲ್ಲಿ ಹಾಲುಬಿಳುಪು ಹೋಗಲು ಎಷ್ಟು ಹೊತ್ತು ಬೇಕೋ ಅದರ ಎರಡರಷ್ಟು ಹೊತ್ತು ಬಿಡಬೇಕು.

ಈಗ ಗೊಂಬೆ. ಮೊದಲ ಸುತ್ತಿನಲ್ಲಿ ಅಂಗಡಿಯ ಬಿಳಿ ಡ್ರಾಯಿಂಗ್ ಕಾಗದ ಬಳಸಿದೆ, ಎಲ್ಲವೂ ಕೆಟ್ಟಿತು. ಇಂದಿನ ಬಿಳಿ ಕಾಗದಕ್ಕೆ ಹೊಳಪಿನ ರಾಸಾಯನಿಕ ಸೇರಿಸಿರುತ್ತಾರೆ. ಅದು ಬಿಸಿಲಿನ ಅತಿನೇರಳೆಯನ್ನು ಹೀರಿ ನೀಲಿಯಾಗಿ ಹೊರಬಿಡುತ್ತದೆ. ನೀಲಿಗೇ ಹಸಿದಿರುವ ಫಿಲ್ಮಿಗೆ ಇದು ಕಣ್ಣು ಕೋರೈಸುವ ಬಿಳಿ. ಮುಖ, ಮಡಿಕೆ, ಬೆರಳು ಯಾವುದೂ ಉಳಿಯದೆ ಬಿಳಿ ತೂತು ಬಿದ್ದಂತೆ ಕಾಣುತ್ತದೆ. ನೋಟು ಪರೀಕ್ಷಿಸುವ ಅತಿನೇರಳೆ ಟಾರ್ಚ್ ಹಾಯಿಸಿ, ಹೊಳೆಯದ ಕಾಗದವನ್ನೇ ಆರಿಸಿ. ಕೈಕಾಗದ ಸಾಮಾನ್ಯವಾಗಿ ಪಾಸಾಗುತ್ತದೆ. ಅದನ್ನೂ ಟೀ ಡಿಕಾಕ್ಷನ್‌ನಲ್ಲಿ ಒಮ್ಮೆ ಅದ್ದಿ ಒಣಗಿಸಿದರೆ ಬಿಳುಪು ಒಂದು ಸ್ಟಾಪಿನಷ್ಟು, ಅಂದರೆ ಅರ್ಧಕ್ಕೆ, ಇಳಿಯುತ್ತದೆ. ಬಣ್ಣಗಳ ಗೊಡವೆ ಬೇಡ: ಗುಲಾಬಿ ಕಪ್ಪಗೆ, ತಿಳಿನೀಲಿ ಬಿಳಿಯಾಗಿ ಬರುತ್ತದೆ, ನೆರಳು-ಬೆಳಕಿನ ಲೆಕ್ಕ ಕೆಡುತ್ತದೆ. ಬೂದುಬಣ್ಣದ ನಾಲ್ಕು ಹಂತದಲ್ಲೇ ಬರೆಯಿರಿ.

ದಪ್ಪದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಚದರ ಮೀಟರಿಗೆ 300 ಗ್ರಾಂ ತೂಗುವ ಕಾಗದ ಅಲುಗದೆ ನಿಲ್ಲುತ್ತದೆ, ಆದರೆ ಅದರ ಅಂಚಿನ ಬಿಳಿ ಗೆರೆ ಕಾಣುತ್ತದೆ. ಮೊನೆಯ ಬ್ಲೇಡನ್ನು ಓರೆಯಾಗಿ, ಹಿಂಬದಿಗೆ ಇಳಿಜಾರು ಬರುವಂತೆ ಹಿಡಿದು ಕತ್ತರಿಸಿ, ಅಂಚಿಗೆ 6ಬಿ ಪೆನ್ಸಿಲ್ ಉಜ್ಜಿದರೆ ಗೆರೆ ಮಾಯ. 160 ಗ್ರಾಂ ಕಾಗದಕ್ಕೆ ಅಂಚಿನ ತಾಪತ್ರಯವಿಲ್ಲ, ಆದರೆ ಹಳ್ಳದ ತೇವಕ್ಕೆ ಅರ್ಧ ಗಂಟೆಯಲ್ಲಿ ಮುದುರಿಕೊಳ್ಳುತ್ತದೆ. ಒಂದೇ ಬದಿಗೆ ಬಣ್ಣ ಬಳಿದಿದ್ದರೆ ಖಂಡಿತ ಮುದುರುತ್ತದೆ. ಹಿಂಬದಿಗೂ ಅಷ್ಟೇ ನೀರುಬಣ್ಣ ಬಳಿದರೆ ಎರಡೂ ಕಡೆ ಎಳೆತ ಸಮವಾಗಿ ನೆಟ್ಟಗಿರುತ್ತದೆ. ಕೊನೆಗೆ ಮೈಗೆ 300, ರೆಕ್ಕೆಗೆ 160 ಅಂಟಿಸಿದ್ದು ಸರಿಹೋಯಿತು.

ಟೋಪಿ ಪಿನ್ನಿಗೆ ಬದಲು ಸೈಕಲ್ ಕಡ್ಡಿ, 20 ಸೆಂ.ಮೀ.ಗೆ ತುಂಡರಿಸಿದ್ದು. ಹೊಳಪು ಹೋಗಲು ದೀಪದ ಕುಡಿಗೆ ಹಿಡಿದು ಮಸಿ ಹಿಡಿಸಬೇಕು. ಕಡ್ಡಿಯನ್ನು ಗೊಂಬೆಯ ಬೆನ್ನಿಗೆ ಕಾಗದದ ಟೇಪಿನಿಂದ ಸೊಂಟದ ತನಕ ಮಾತ್ರ ಅಂಟಿಸಿ, ಉಳಿದದ್ದನ್ನು ಪಾಚಿಯೊಳಗೆ ಚುಚ್ಚುವುದು. ತಲೆಯ ತನಕ ಅಂಟಿಸಿದರೆ ಗೊಂಬೆ ಮರಗಟ್ಟಿದಂತೆ ನಿಲ್ಲುತ್ತದೆ. ಕುಳ್ಳನ ಚಿತ್ರದಲ್ಲಿ ಪಿನ್ನಿನ ತುದಿ ಹೊಟ್ಟೆಯ ಹತ್ತಿರ ಚುಕ್ಕೆಯಾಗಿ ಕಂಡಿತ್ತು. ಡಾಯ್ಲ್ ಅದನ್ನು ಹೊಕ್ಕುಳು ಎಂದು ಓದಿದರು, ಹಾಗಾದರೆ ಇವರಲ್ಲೂ ನಮ್ಮ ಹಾಗೇ ಹೆರಿಗೆ ಇದೆಯೇನೋ ಎಂಬಲ್ಲಿಗೂ ಹೋದರು.

ಫೋಕಸ್ ವಿಷಯಕ್ಕೆ ಬಂದರೆ, ಲೆನ್ಸಿನ ಕಿಂಡಿ (ಅಪರ್ಚರ್) ಎಫ್/11 ಅಳತೆಯಲ್ಲಿದ್ದಾಗ ನಾಲ್ಕು ಅಡಿಗೆ ಸ್ಪಷ್ಟವಾಗಿ ಕಾಣುವ ಆಳ ಬರೀ 16 ಸೆಂ.ಮೀ.: ಮುಂದಕ್ಕೆ ಏಳೆಂಟು, ಹಿಂದಕ್ಕೆ ಎಂಟು. ಗೊಂಬೆ, ಮುಖ ಎರಡೂ ಅದರೊಳಗೇ ಇರಬೇಕು. ಹುಡುಗಿ ದಿಬ್ಬಕ್ಕೆ ಗದ್ದ ಊರಿ, ಗೊಂಬೆಗಳು ಅವಳ ಎದುರಿಗೇ ಇರುವ ಮೂಲ ಚಿತ್ರದ ಜೋಡಣೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಎಫ್/22ಕ್ಕೆ ಇಳಿಸಿದರೆ ಆಳ 32 ಸೆಂ.ಮೀ. ಆಗುತ್ತದೆ, ಆದರೆ ಎಕ್ಸ್‌ಪೋಶರ್ ನಾಲ್ಕು ಪಟ್ಟು ಬೇಕು, ಅಷ್ಟು ಹೊತ್ತು ಮಗು ಅಲ್ಲಾಡದೆ ಕೂರುವುದಿಲ್ಲ. ನಾಲ್ಕೂ ಗೊಂಬೆ ಲೆನ್ಸಿಗೆ ನೇರ ಮುಖ ಮಾಡಿದರೆ ಕಾಗದ ಎಂದು ಯಾರಾದರೂ ಹೇಳುತ್ತಾರೆ. ಒಂದೆರಡನ್ನು 20 ಡಿಗ್ರಿ ತಿರುಗಿಸಿ; ಅಗಲ ಕಡಿಮೆಯಾಗುವುದು ಶೇ. 6 ಮಾತ್ರ, ಆದರೆ ಬಿಸಿಲು ಒಂದೊಂದರ ಮೇಲೂ ಬೇರೆ ಬೇರೆಯಾಗಿ ಬೀಳುತ್ತದೆ. ಬರೆದ ನೆರಳಿನ ದಿಕ್ಕೂ ಬಿಸಿಲಿನ ದಿಕ್ಕೂ ಒಂದೇ ಆಗಿರಬೇಕು. ಎಡದಿಂದ ಬೆಳಕು ಬೀಳುವಂತೆ ಬರೆದಿದ್ದರೆ ಬೆಳಿಗ್ಗೆಯೋ ಸಂಜೆಯೋ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಎಕ್ಸ್‌ಪೋಶರ್ ಲೆಕ್ಕದಲ್ಲಿ ಒಂದು ಹಳೆಯ ತಗಾದೆ ಬಿಚ್ಚಿಕೊಳ್ಳುತ್ತದೆ. ದಾಖಲೆಯಲ್ಲಿ ಮೊದಲ ಚಿತ್ರಕ್ಕೆ 1/50 ಸೆಕೆಂಡ್ ಎಂದಿದೆ. ಫಿಲ್ಮಿನ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಪ್ರಮಾಣ, 50 ಎಂದು ಇಟ್ಟುಕೊಂಡರೆ ಎಫ್/11ರಲ್ಲಿ ಬಟಾಬಯಲ ಬಿಸಿಲಿಗೆ 1/100 ಸಾಕು. ಮರದಡಿಯ ಹಳ್ಳದಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ನನ್ನ ಮೀಟರ್ ತೋರಿಸಿದ್ದು 1/4. ಇದಕ್ಕಿಂತ ನಿಧಾನದ ಪ್ಲೇಟು ಆದರೆ ಅರ್ಧ ಸೆಕೆಂಡೋ ಒಂದು ಸೆಕೆಂಡೋ ಬೇಕು. ಪರೀಕ್ಷೆಗೆಂದು ಅದೇ ಜಾಗದ ಸಣ್ಣ ಜರಿಯನ್ನು 1/50, 1/8, 1/2, 1 ಸೆಕೆಂಡಿನಲ್ಲಿ ತೆಗೆದೆ, ಅಪರ್ಚರ್ ಹೊಂದಿಸಿಕೊಂಡು. 1/50ರಲ್ಲಿ ನೀರು ಎಳೆ ಎಳೆಯಾಗಿ, ಎಳೆಗಳ ನಡುವೆ ಕಪ್ಪು ಬಂಡೆ ಕಾಣುವಂತೆ ಬರುತ್ತದೆ. ಅರ್ಧ ಸೆಕೆಂಡಿಗೆ ಎಳೆಗಳೆಲ್ಲ ಕೂಡಿ ಹಾಲು ಸುರಿದಂತಾಗುತ್ತದೆ. ಕಾಟಿಂಗ್ಲಿಯ ಮೊದಲ ಚಿತ್ರದ ಹಿಂದಿನ ನೀರು ಈ ಎರಡನೆಯ ಜಾತಿಯದು. ನೀರು ಹಾಲಾಗುವಷ್ಟು ಹೊತ್ತು ಶಟರ್ ತೆರೆದಿದ್ದಾಗ, ಕುಣಿಯುವವರ ರೆಕ್ಕೆ ಮಾತ್ರ ಅಷ್ಟು ಸ್ಪಷ್ಟ ಬರಲು ಸಾಧ್ಯವಿಲ್ಲ. ತುಂಬೆಯ ಮೇಲೆ ಕೂತ ಏರೋಪ್ಲೇನ್ ಚಿಟ್ಟೆ ಎದ್ದು ಹಾರುವುದನ್ನು 1/50ರಲ್ಲಿ ತೆಗೆದು ನೋಡಿ, ರೆಕ್ಕೆ ಬರೀ ಮಂಜು.

ಸ್ನೆಲ್ಲಿಂಗ್ ಅವರ ಇನ್ನೊಂದು ಮಾತಿದೆ, ನಂಬಿದವರು ಹಿಡಿದುಕೊಂಡಿದ್ದೂ ಅದನ್ನೇ: ಈ ಆಕೃತಿಗಳು ಕಾಗದದವಲ್ಲ, ಎಕ್ಸ್‌ಪೋಶರ್ ನಡೆಯುವಾಗ ಅಲುಗಿವೆ. ಅಲುಗಿದ್ದನ್ನು ಕಂಡದ್ದು ಸರಿ, ಅದರಿಂದ ಎಳೆದ ತೀರ್ಮಾನ ತಪ್ಪು. ಕಡ್ಡಿಯ ಮೇಲಿನ ಕಾಗದ ಸುಮ್ಮನಿರುವುದಿಲ್ಲ. ನೀರು ಬೀಳುವ ಜಾಗದಲ್ಲಿ ಸದಾ ಸಣ್ಣ ಗಾಳಿ ಇರುತ್ತದೆ, ಮುಖಕ್ಕೆ ತಾಗುವಷ್ಟೂ ಅಲ್ಲ. ಆ ಗಾಳಿಗೆ 160 ಗ್ರಾಂ ರೆಕ್ಕೆಯ ತುದಿ ಎರಡು ಮಿ.ಮೀ. ಆಡುತ್ತದೆ. ಪ್ಲೇಟಿನ ಮೇಲೆ ಅದು ಕಾಲು ಮಿ.ಮೀ.; ಹತ್ತು ಪಟ್ಟಿನ ಭೂತಗನ್ನಡಿಗೆ ಚೆನ್ನಾಗಿ ಕಾಣುತ್ತದೆ, ಬರಿಗಣ್ಣಿಗೆ ಜೀವಂತ ಮೃದುತನದಂತೆ ತೋರುತ್ತದೆ. ನನ್ನ ಪ್ಲೇಟುಗಳಲ್ಲಿ ಒಳ್ಳೆಯದೆನಿಸಿದ್ದು ಗಾಳಿ ಪೂರಾ ನಿಂತಾಗ ತೆಗೆದದ್ದಲ್ಲ, ತುಸು ಆಡಿದಾಗ ತೆಗೆದದ್ದು. ನಿಂತಾಗಿನದು ಕತ್ತರಿ ಕೆಲಸ ಎಂದು ಸಾರಿ ಹೇಳುತ್ತದೆ.

ಇಂಥ ಅಲುಗಾಟಕ್ಕೆ ಒಂದು ಗುರುತೂ ಇದೆ. ಬುಡದಲ್ಲಿ ಚುಚ್ಚಿದ ವಸ್ತು ಮೇಲಕ್ಕೆ ಹೋದಷ್ಟೂ ಹೆಚ್ಚು ಆಡುತ್ತದೆ: ಪಾದ ಸ್ಪಷ್ಟ, ಸೊಂಟ ಸ್ವಲ್ಪ ಮಸುಕು, ತಲೆ ಮತ್ತು ರೆಕ್ಕೆ ತುದಿ ಇನ್ನೂ ಮಸುಕು. ನಿಜಕ್ಕೂ ಕುಣಿಯುವವರಾಗಿದ್ದರೆ ಪಾದವೇ ಮೊದಲು ಮಸುಕಾಗಬೇಕಲ್ಲ. ಅನುಮಾನದ ಚಿತ್ರ ಯಾವುದೇ ಬರಲಿ, ಮಸುಕು ಕೆಳಗಿನಿಂದ ಮೇಲಕ್ಕೆ ಕ್ರಮವಾಗಿ ಏರುತ್ತದೆಯೇ ಎಂದೇ ನಾನು ಮೊದಲು ನೋಡುವುದು.

1920ರಲ್ಲಿ ಥಿಯೊಸಾಫಿ ಎಂಬ ಅಧ್ಯಾತ್ಮ ಪಂಥದ ಎಡ್ವರ್ಡ್ ಗಾರ್ಡ್‌ನರ್ ಹುಡುಗಿಯರಿಗೆ ಎರಡು ಕ್ಯಾಮಿಯೊ ಕ್ಯಾಮೆರಾ, ಗುಟ್ಟಾಗಿ ಗುರುತು ಮಾಡಿಸಿದ 24 ಪ್ಲೇಟು ಕೊಟ್ಟರು. ಗುರುತು ಮಾಡುವ ಉಪಾಯ ಒಳ್ಳೆಯದೇ. 1922ರಲ್ಲಿ, ಇಂಥ ಪವಾಡಗಳನ್ನು ತನಿಖೆ ಮಾಡುತ್ತಿದ್ದ ಹ್ಯಾರಿ ಪ್ರೈಸ್, ಸತ್ತವರ ಮುಖ ಬರಿಸುತ್ತೇನೆ ಎನ್ನುತ್ತಿದ್ದ ವಿಲಿಯಂ ಹೋಪ್ ಎಂಬಾತನಿಗೆ ಎಕ್ಸ್‌ರೇಯಿಂದ ಗುಪ್ತ ಗುರುತು ಮೂಡಿಸಿದ ಪ್ಲೇಟು ಕೊಟ್ಟರು. ವಾಪಸು ಬಂದ ಪ್ಲೇಟಿನಲ್ಲಿ ಗುರುತೇ ಇರಲಿಲ್ಲ, ಬದಲಿಸಿದ್ದು ಸಿಕ್ಕಿಬಿತ್ತು. ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡವರು ಅಂಥವರ ಮನೆಗೆ ಸಾಲುಗಟ್ಟುತ್ತಿದ್ದ ಕಾಲ ಅದು. ಆದರೆ ಗುರುತು ಹಿಡಿಯುವುದು ಪ್ಲೇಟು ಬದಲಿಸುವವನನ್ನು ಮಾತ್ರ. ಕಾಗದ ಕತ್ತರಿಸಿ ಎದುರು ನಿಲ್ಲಿಸುವವರಿಗೆ ಆ 24 ಪ್ಲೇಟೂ ಸಾಚಾ ಎಂಬ ಸರ್ಟಿಫಿಕೇಟು ಪುಕ್ಕಟೆ ಸಿಕ್ಕಂತೆ. ಬೇಕಿದ್ದುದು ಹಳ್ಳದ ಬಳಿ ಒಬ್ಬ ದೊಡ್ಡವರು. ಬೇರೆಯವರಿದ್ದರೆ ಕಿನ್ನರಿಯರು ಬರುವುದಿಲ್ಲ ಎಂದು ಹುಡುಗಿಯರು ಹೇಳಿದರು, ಎಲ್ಸಿಯ ತಾಯಿ ಸೋದರಿಯ ಮನೆಗೆ ಚಹಾಕ್ಕೆ ಹೋದರು. ಕೊಡ್ಯಾಕ್‌ನವರು ಕೈವಾಡದ ಗುರುತಿಲ್ಲ ಎಂದರೂ ಪ್ರಮಾಣಪತ್ರ ಕೊಡಲಿಲ್ಲ, ಅದು ಜಾಣತನ. ಇಲ್‌ಫರ್ಡ್‌ನವರು ನಕಲಿ ಎಂದೇ ಹೇಳಿದರು.

ಇನ್ನೊಂದು ಕಡೆ ಪುರಾವೆ ಸೋರಿಹೋಯಿತು, ಇದರ ಬಗ್ಗೆ ಜನ ಮಾತಾಡುವುದು ಕಡಿಮೆ. ಗಾರ್ಡ್‌ನರ್ ಮೂಲ ನೆಗೆಟಿವ್‌ಗಳಿಂದ ಪ್ರಿಂಟಿಗೆ ಅನುಕೂಲವಾಗುವ, ಇನ್ನಷ್ಟು ಸ್ಪಷ್ಟವಾದ ಹೊಸ ನೆಗೆಟಿವ್ ಮಾಡಿಸಿದರು. ಲೋಕ ನೋಡಿದ್ದು ಅವುಗಳ ಪ್ರಿಂಟನ್ನು. ನಾನೂ ಮಾಡಿ ನೋಡಿದೆ: ಮೂಲದ ಮೇಲೆ ಫಿಲ್ಮ್ ಒತ್ತಿಟ್ಟು ಬೆಳಕು ಹಾಯಿಸಿ ಕಾಂಟ್ಯಾಕ್ಟ್ ಪಾಸಿಟಿವ್, ಅದರಿಂದ ಮತ್ತೆ ಕಾಂಟ್ಯಾಕ್ಟ್ ನೆಗೆಟಿವ್. ಇದಕ್ಕೆ ಎಕ್ಸ್‌ರೇ ಫಿಲ್ಮ್ ಆಗದು, ಹಿಂಬದಿಯ ಎಮಲ್ಷನ್‌ನಿಂದ ಎರಡೆರಡಾಗಿ ಮಬ್ಬಾಗುತ್ತದೆ. ಆರ್ಥೊ ಪ್ಲಸ್ ಬಳಸಿ, ಗಡಸುತನ ಬರಲೆಂದು ಡೆಕ್ಟಾಲ್ ಎಂಬ ಡೆವಲಪರ್ 1:1ರಲ್ಲಿ ಮೂರು ನಿಮಿಷ. ಮೂಲದಲ್ಲಿ ಭೂತಗನ್ನಡಿಗೆ ಕಾಣುತ್ತಿದ್ದ ಸೈಕಲ್ ಕಡ್ಡಿ ಸುತ್ತಲಿನ ಕತ್ತಲಿಗೆ ಸೇರಿಹೋಯಿತು. ಪೆನ್ಸಿಲ್ ತೀಡಿದ ಅಂಚು ಹೋಯಿತು. ಬೂದುಬಣ್ಣದ ಕೆಳಹಂತಗಳು ಕರಗಿ ಗೊಂಬೆಯ ಮೈ ಒಂದೇ ಬೆಳಕಾಗಿ ಹೊಳೆಯಿತು. ತಿದ್ದುವ ಕುಂಚ ಮುಟ್ಟಲಿಲ್ಲ, ಆದರೂ ಹಿಡಿಯಬಹುದಾದ ಮೂರು ಗುರುತು ಅಳಿಸಿತು. ಹಾಗಾಗಿ ಪರೀಕ್ಷೆಗೆ ಪ್ರಿಂಟು ಕೊಟ್ಟರೆ ಬೇಡ ಅನ್ನಿ, ನಕಲು ನೆಗೆಟಿವ್ ಕೊಟ್ಟರೂ ಬೇಡ ಅನ್ನಿ. 1982–83ರಲ್ಲಿ 'ಬ್ರಿಟಿಷ್ ಜರ್ನಲ್ ಆಫ್ ಫೋಟೊಗ್ರಫಿ'ಯ ಸಂಪಾದಕ ಜೆಫ್ರಿ ಕ್ರಾಲಿ ಇಡೀ ಪ್ರಕರಣವನ್ನು ಬಿಚ್ಚಿಟ್ಟಾಗ ಮೂಲ ಯಾವುದು, ತಿದ್ದಿ ಮಾಡಿದ್ದು ಯಾವುದು ಎಂದು ಬೇರ್ಪಡಿಸುವುದೇ ದೊಡ್ಡ ಕೆಲಸವಾಗಿತ್ತು. ಹುಡುಗಿಯರು ಬಳಸಿದ ಕ್ಯಾಮೆರಾಗಳು ಈಗ ಬ್ರಾಡ್‌ಫರ್ಡ್‌ನ ನ್ಯಾಷನಲ್ ಸೈನ್ಸ್ ಅಂಡ್ ಮೀಡಿಯಾ ಮ್ಯೂಸಿಯಂನಲ್ಲಿವೆ.

ಐದನೆಯ ಚಿತ್ರ ಬೇರೆ ಜಾತಿ. ಹುಲ್ಲಿನ ನಡುವೆ ಅರೆಪಾರದರ್ಶಕ ಆಕೃತಿಗಳು, ನಡುವೆ ಗೂಡಿನಂಥದ್ದೇನೋ. ಯಾವ ಹುಡುಗಿಯೂ ಚಿತ್ರದಲ್ಲಿಲ್ಲ. ಕಡ್ಡಿ-ಕಾಗದದಿಂದ ಎಷ್ಟು ಒದ್ದಾಡಿದರೂ ಈ ಪಾರದರ್ಶಕತೆ ಬರಲಿಲ್ಲ. ತೆಳು ಟಿಶ್ಯೂ ಕಾಗದ ಹಿಂದಿನ ಬಿಸಿಲಿಗೆ ಹೊಳೆಯಿತೇ ಹೊರತು ಅದರ ಮೂಲಕ ಹುಲ್ಲಿನ ಎಸಳು ಕಾಣಲಿಲ್ಲ. ಬಂದದ್ದು ಒಂದೇ ಫಿಲ್ಮಿಗೆ ಎರಡು ಸಲ ತೆಗೆದಾಗ. ಮೊದಲು ಹುಲ್ಲಿನಲ್ಲಿ ಗೊಂಬೆಗಳನ್ನಿಟ್ಟು ಒಂದು ಸ್ಟಾಪ್ ಕಡಿಮೆ. ಆಮೇಲೆ ಕ್ಯಾಮೆರಾವನ್ನು ಒಂದಂಗುಲ ಸರಿಸಿ, ಬರೀ ಹುಲ್ಲನ್ನು ಮತ್ತೆ ಒಂದು ಸ್ಟಾಪ್ ಕಡಿಮೆ. ಎಸಳುಗಳು ಮೈಯ ಮೂಲಕ ಹಾದವು, ನೆರಳಿದ್ದ ಕಡೆ ಗೊಂಬೆ ಗಟ್ಟಿಯಾಗಿ, ಬಿಸಿಲಿದ್ದ ಕಡೆ ಕರಗಿ ಬಂತು. ಪ್ಲೇಟು ಹೋಲ್ಡರಿನ ಕ್ಯಾಮೆರಾದಲ್ಲಿ ಇದು ಬೇಕೆಂದೇ ಮಾಡಬೇಕಾಗಿಲ್ಲ. ತೆಗೆದಾದ ಹೋಲ್ಡರನ್ನು ತಿರುಗಿಸಲು ಮರೆತರೆ ಸಾಕು. ಇಂದಿಗೂ 4×5 ಹಿಡಿದವರು ತಿಂಗಳಿಗೊಮ್ಮೆಯಾದರೂ ಹೀಗೆ ಎರಡು ಫೋಟೊ ಹಾಳುಮಾಡಿಕೊಳ್ಳುತ್ತಾರೆ.

ಉಳಿದ ನಾಲ್ಕೂ ಸುಳ್ಳೆಂದು ಒಪ್ಪಿಕೊಂಡ ಫ್ರಾನ್ಸಿಸ್, 1986ರಲ್ಲಿ ತೀರಿಕೊಳ್ಳುವ ತನಕ ಐದನೆಯದು ಮಾತ್ರ ನಿಜವೆಂದೇ ಹೇಳಿದರು. ಅದನ್ನು ತೆಗೆದವರು ಯಾರು ಎಂದರೆ ನಾನು ಎಂದು ಫ್ರಾನ್ಸಿಸ್, ಅಲ್ಲ ನಾನು ಎಂದು ಎಲ್ಸಿ. ಕ್ರಾಲಿ ಕೊಟ್ಟ ವಿವರಣೆ ನನ್ನ ಟ್ರೇಯಲ್ಲಿ ಬಂದದ್ದಕ್ಕೆ ತಾಳೆಯಾಗುತ್ತದೆ: ಅರಿವಿಲ್ಲದೆ ಒಂದೇ ಪ್ಲೇಟಿಗೆ ಎರಡು ಸಲ ಶಟರ್ ಬಿದ್ದಿದೆ, ಒಂದು ಸಲ ಒಬ್ಬಳು, ಇನ್ನೊಂದು ಸಲ ಇನ್ನೊಬ್ಬಳು ಒತ್ತಿದ್ದಾಳೆ, ಇಬ್ಬರೂ ಹೇಳಿದ್ದು ಸತ್ಯ.